ಹಳೇ ಬೋಟಿನ ಟ್ಯಾಂಕ್ ಸುತ್ತ ತೇವ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ತುಲಾ ಸಂಕ್ರಮಣ ಮುಗೀತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಕಾಲ್ ಶುರು. ಮಳೆಗಾಲ ಪೂರ್ತಿ ಟಾರ್ಪಲ್ ಹೊದ್ದು ಮಲಗಿದ್ದ ಬೋಟನ್ನ ಹೊರಗೆ ಎಳೆದಿರ್ತಾರೆ, ಎಂಜಿನ್ ಹತ್ತು ನಿಮಿಷ ಓಡಿ ಕೆಮ್ಮಿ ನಿಂತಿರತ್ತೆ, ಫಿಲ್ಟರ್ ಬಿಚ್ಚಿದ್ರೆ ನೀರು. ಟ್ಯಾಂಕ್ ಖಾಲಿ ಮಾಡಿ, ಹೊಸ ಫಿಲ್ಟರ್ ಹಾಕಿ, ಹೊಸ ಡೀಸೆಲ್ ತುಂಬಿ ಎರಡು ವಾರ ಓಡಿಸ್ತಾರೆ, ಮತ್ತೆ ನೀರು, ಮತ್ತೆ ಕಾಲ್. ಹೋದ ವರ್ಷ ಒಬ್ರು ಮೂರು ಸಲ ಟ್ಯಾಂಕ್ ತೊಳೆದು ನಾಲ್ಕನೇ ಸಲಕ್ಕೆ "ಅಣ್ಣಾ, ಬಂಕಿನವರೇ ನೀರು ಬೆರೆಸ್ತಾ ಇದಾರೆ" ಅಂದ್ರು. ಬಂಕಲ್ಲ ಅದು. ಅವರ ಬೋಟಿನ ಫ್ಲೋರ್ ಕೆಳಗೆ ಕೈ ಹಾಕಿದ್ರೆ ಟ್ಯಾಂಕ್ ಸುತ್ತ ಇದ್ದ ಫೋಮು ಒದ್ದೆ ಸ್ಪಂಜಿನಂಗೆ ಇತ್ತು, ಹೆಬ್ಬೆರಳಲ್ಲಿ ಒತ್ತಿದ್ರೆ ಚಹಾ ಬಣ್ಣದ ನೀರು ಉಗುರು ದಾಟಿ ಮೇಲೆ ಬಂತು.

ಎಲ್ಲರೂ ಒಳಗಿಂದ ಶುರು ಮಾಡ್ತಾರೆ, ಎಡವೋದು ಅಲ್ಲೇ. ಟ್ಯಾಂಕಿನ ಒಳಗೆ ನೀರು ಕಂಡಿದ್ದಕ್ಕೆ ಒಳಗೆ ತೊಳೀತಾರೆ. ಹಳೇ ಬೋಟಲ್ಲಿ ತೇವ ಮೊದಲು ಟ್ಯಾಂಕಿನ ಹೊರಗೆ ಸೇರ್ಕೊಳ್ಳತ್ತೆ, ನೆತ್ತಿ ಮೇಲೆ ನಿಲ್ಲತ್ತೆ, ಫ್ಯೂಯಲ್ ಗೇಜಿನ ಗ್ಯಾಸ್ಕೆಟ್ ಸ್ಕ್ರೂ ಸಂದಿಯಿಂದಲೋ ಸಣ್ಣ ತೂತಿಂದಲೋ ಆಮೇಲೆ ಒಳಗೆ ಇಳಿಯತ್ತೆ. ಅದಕ್ಕೆ ಕ್ರಮ ಹೀಗಿರ್ಲಿ: ನೀರು ಎಲ್ಲಿಂದ ಅಂತ ಹುಡುಕು, ಆ ದಾರಿ ಮುಚ್ಚು, ಹೊರಗೆ ಒಣಗಿಸು, ಟ್ಯಾಂಕಿನ ಮೈ ನೋಡು, ಕೊನೆಗೆ ಒಳಗೆ ತೊಳಿ.

ಇದು ಯಾವ ಬೋಟಿಗೆ ಅಂದ್ರೆ ಕೊಡಗಿನ ಹಾರಂಗಿ ಹಿನ್ನೀರು, ಎಸ್ಟೇಟ್ ಕೆರೆ ಅಂತ ನಮ್ಮ ಕಡೆ ಓಡಾಡೋ ಹದಿನೈದಿಪ್ಪತ್ತು ಅಡಿ ಫೈಬರ್ ಬೋಟುಗಳಿಗೆ, ಬಹುತೇಕ ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದಿರೋವು, ಟ್ಯಾಂಕ್ ಫ್ಲೋರ್ ಕೆಳಗೆ ಹುದುಗಿರೋವು. ಪೆಟ್ರೋಲು ಡೀಸೆಲು ಎರಡಕ್ಕೂ ಕ್ರಮ ಒಂದೇ, ಅಪಾಯ ಮಾತ್ರ ಬೇರೆ ಬೇರೆ.

ಯಾವಾಗ ಮಾಡ್ಬೇಕು ಅಂತಾನೂ ಹೇಳ್ಬಿಡ್ತೀನಿ. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜಡಿಮಳೆ ತಿಂಗಳು) ಟಾರ್ಪಲ್ ಎತ್ತಿದ್ರೆ ಕೈಗೆ ಸಿಗೋದು ಇಂಬಳ (ಜಿಗಣೆ) ಮಾತ್ರ, ಏನೂ ಒಣಗಲ್ಲ, ಮುಟ್ಟಲೇಬೇಡಿ. ಮಳೆ ಪೂರ್ತಿ ಬಿಟ್ಟ ಮೇಲೆ, ಕಾಫಿ ಕುಯ್ಲು ಶುರುವಾಗೋಕೆ ಮುಂಚೆ ಒಂದು ಸಂದು ಸಿಗತ್ತೆ, ಅದೇ ಸರಿಯಾದ ಟೈಮು. ಅದು ತಪ್ಪಿದ್ರೆ ಕುಯ್ಲು ಮುಗಿದು ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬೀಳೋದ್ರೊಳಗೆ. ಪೂರ್ತಿ ಕೆಲಸಕ್ಕೆ ಹತ್ತು ಹನ್ನೆರಡು ದಿನ ಬೇಕು, ಅದ್ರಲ್ಲಿ ನಿಮ್ಮ ಕೈಕೆಲಸ ಮೂರು ದಿನ, ಉಳಿದಿದ್ದೆಲ್ಲ ಕಾಯೋದೇ.

1. ಮೊದಲು ಪ್ರಾಣ, ಆಮೇಲೆ ಬೋಟು

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗಲ್ಲ, ಬೋಟಿನ ತಳದಲ್ಲಿ ನೀರಿನಂಗೆ ಮಡುಗಟ್ಟತ್ತೆ, ಮೂಗಿಗೆ ವಾಸನೆ ಬರದೇ ಇದ್ರೂ ಕೆಳಗೆ ಇರಬಹುದು. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳೋ ಸಾಮಾನು ಅದು, ಮಡಿಕೇರಿ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಬ್ಯಾಟರಿಯ ಎರಡೂ ವೈರ್ ಬಿಚ್ಚಿ ಬ್ಯಾಟರೀನೇ ಹೊರಗಿಡಿ, ಎಲ್ಲಾ ಹ್ಯಾಚು ತೆಗೆದು ಬೋಟನ್ನ ಬಯಲಲ್ಲಿ ನಿಲ್ಸಿ, ಶೆಡ್ ಒಳಗೆ ಬೇಡ. ಮನೆಯ ವ್ಯಾಕ್ಯೂಮ್ ಕ್ಲೀನರಲ್ಲಿ ತಳದ ನೀರು ಎಳೆಯೋದು, ಹೇರ್ ಡ್ರೈಯರ್ ಹಿಡಿಯೋದು, ವೈರ್ ಎಳೆದು ಬಲ್ಬ್ ಇಳಿಬಿಡೋದು, ಈ ಮೂರನ್ನೂ ನಾನು ಕಣ್ಣಾರೆ ನೋಡಿದೀನಿ. ಮೂರೂ ಸಾಯೋ ದಾರಿ. ಡ್ರೈ ಪೌಡರ್ ಫೈರ್ ಎಕ್ಸ್ಟಿಂಗ್ವಿಶರ್ ಕೈಗೆಟುಕೋ ಹಂಗೆ ಇರ್ಲಿ, ಬೋಟಿನ ಒಳಗಲ್ಲ, ಹೊರಗೆ. ಬೀಡಿ ಸೇದೋ ಹುಡುಗರನ್ನ ಆವತ್ತು ಬೇರೆ ಕೆಲಸಕ್ಕೆ ಕಳಿಸಿ.

ಸಾಮಾನು ದೊಡ್ಡ ಪಟ್ಟಿ ಏನಲ್ಲ. ಹಳೇ ನ್ಯೂಸ್ ಪೇಪರ್ ಒಂದು ಕಟ್ಟು, ಚಾಕ್ ಪೀಸು, ಕೈಪಂಪು, ಮುಚ್ಚಳ ಇರೋ ಕ್ಯಾನು ಮೂರ್ನಾಲ್ಕು, ಅಗಲ ಬಾಯಿಯ ಗಾಜಿನ ಜಾಡಿ ಎರಡು, ಉದ್ದ ಅಲಗಿನ ಚಾಕು, ಮರದ ಅಥವಾ ಪ್ಲಾಸ್ಟಿಕ್ ಕೆರೆಯೋ ಪಟ್ಟಿ, ಬನಿಯನ್ ವೇಸ್ಟು, ದಪ್ಪ ಪ್ಲಾಸ್ಟಿಕ್ ಶೀಟು, ಟೇಪು, ಸೋಪಿನ ನೀರು, ಸೈಕಲ್ ಪಂಪು, ಕಮ್ಮಿ ಪ್ರೆಶರ್ ತೋರಿಸೋ ಗೇಜು, ತೋಟದ ಪೈಪು, ಪೆಟ್ರೋಲ್ ತಡೆಯೋ ಕೈಗ್ಲೌಸು. ನೀರು ಪತ್ತೆ ಮಾಡೋ ಪೇಸ್ಟು ಅಂತ ಬಂಕಲ್ಲಿ ಉದ್ದ ಕೋಲಿಗೆ ಸವರಿ ಟ್ಯಾಂಕಿಗೆ ಇಳಿಸ್ತಾರಲ್ಲ, ಒಂದು ಟ್ಯೂಬು ಸಿಕ್ಕಿದ್ರೆ ತಗೊಳ್ಳಿ, ನೀರು ತಾಗಿದ ಕಡೆ ಬಣ್ಣ ಬದಲಾಗತ್ತೆ. ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ಮಾಮೂಲಿ ಪೇಸ್ಟು ಸರಿಯಾಗಿ ತೋರಿಸಲ್ಲ, ಅದಕ್ಕೇ ಅಂತ ಇರೋದನ್ನ ಕೇಳಿ. ಕಾಫಿ ಬೀಜಕ್ಕೆ ಇಟ್ಟಿರೋ ಮಾಯಿಶ್ಚರ್ ಮೀಟರ್ ಇಲ್ಲಿ ಕೆಲಸಕ್ಕೆ ಬರಲ್ಲ, ಟ್ರೈ ಮಾಡಿ ಬ್ಯಾಟರಿ ವೇಸ್ಟ್ ಮಾಡ್ಬೇಡಿ.

2. ಒರೆಸೋಕೆ ಮುಂಚೆ ನೋಡಿ

ಹ್ಯಾಚ್ ತೆಗೆದ ತಕ್ಷಣ ಎಲ್ಲರ ಕೈಯೂ ಬಟ್ಟೆಗೆ ಹೋಗತ್ತೆ. ತಡೀರಿ. ಒರೆಸಿದ್ರೆ ಸಾಕ್ಷಿ ಹೋಯ್ತು. ನೀರು ಎಲ್ಲಿ ನಿಂತಿದೆ, ಎಲ್ಲಿಂದ ಇಳಿದ ಗೆರೆ ಕಾಣ್ತಿದೆ, ಎಲ್ಲಿ ಬಿಳಿ ಪುಡಿ ಎದ್ದಿದೆ, ಎಲ್ಲಾನೂ ಫೋಟೋ ತಗೊಳ್ಳಿ, ಆದ್ರೆ ಮೊಬೈಲು ತಳದ ಗುಂಡಿಗೆ ಇಳಿಸಿ ಅಲ್ಲ, ವಾಸನೆ ಪೂರ್ತಿ ಹೋದ ಮೇಲೆ ಮೇಲಿಂದಲೇ.

ಆಮೇಲೆ ಒಂದು ಲೆಕ್ಕ ಮಾಡ್ಕೊಳ್ಳಿ. "ಚಳಿಗೆ ಟ್ಯಾಂಕ್ ಬೆವರತ್ತೆ ಅಷ್ಟೇ" ಅಂತ ತುಂಬಾ ಜನ ಕೈ ತೊಳ್ಕೊಳ್ತಾರೆ. 25 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿ ಒಂದು ಘನ ಮೀಟರಿಗೆ ಸುಮಾರು 23 ಗ್ರಾಂ ನೀರು ಹಿಡಿಯತ್ತೆ. ನಿಮ್ಮ ಟ್ಯಾಂಕು 100 ಲೀಟರಿನದ್ದು, ಖಾಲಿ ಅಂತ ಇಟ್ಕೊಳ್ಳಿ, ಆ ಗಾಳಿಯಲ್ಲಿರೋ ನೀರೆಲ್ಲ ಸೇರಿದ್ರೂ 2.3 ಗ್ರಾಂ, ಅರ್ಧ ಚಮಚ. ರಾತ್ರಿ ಹಗಲು ಹತ್ತು ಡಿಗ್ರಿ ವ್ಯತ್ಯಾಸ ಆದ್ರೆ ಟ್ಯಾಂಕು ಒಳಗೆ ಹೊರಗೆ ಉಸಿರಾಡೋ ಗಾಳಿ ಮೂರು ನಾಲ್ಕು ಲೀಟರ್ ಅಷ್ಟೇ. ಹಾಗಾಗಿ ಮಳೆಗಾಲ ಪೂರ್ತಿ ಬೆವರಿದ್ರೂ ಒಳಗೆ ಸೇರೋದು ಕೆಲವು ಚಮಚ. ಟ್ಯಾಂಕಿನ ತಳದ್ದನ್ನ ಜಾಡಿಗೆ ಹಿಡಿದಾಗ ಕಾಲು ಲೀಟರ್ ನೀರು ಬಂತು ಅಂದ್ರೆ ಅದು ಬೆವರಲ್ಲ, ಎಲ್ಲೋ ಬಾಯಿ ತೆರೆದಿದೆ.

ಟ್ಯಾಂಕಿನ ಹೊರಮೈ ಮಾತ್ರ ಬೇರೆ ಕಥೆ. ಅಲ್ಲಿ ಗಾಳಿ ಓಡಾಡ್ತಾನೇ ಇರತ್ತೆ, ಬೆಳಿಗ್ಗೆ ತಣ್ಣಗಿರೋ ಡೀಸೆಲ್ ತುಂಬಿದ ಟ್ಯಾಂಕಿಗೆ ಹೊಳೆ ಕಡೆಯ ಮಂಜಿನ ಗಾಳಿ ತಾಗಿದ್ರೆ ಹನಿ ಹನಿ ನಿಲ್ಲತ್ತೆ. ಅಂದ್ರೆ ಒಳಗಿನ ನೀರಿಗೆ ಬೆವರು ಕಾರಣ ಅಲ್ಲ, ಹೊರಗಿನ ತೇವಕ್ಕೆ ಆಗಿರಬಹುದು. ಎರಡನ್ನೂ ಒಂದೇ ಅಂತ ಹಿಡಿದು ಪರದಾಡ್ತಾರೆ.

ಬೆವರೋ ಸೋರಿಕೆಯೋ ಅಂತ ತಿಳಿಯೋಕೆ ನ್ಯೂಸ್ ಪೇಪರ್ ಸಾಕು. ಈಗ ಒರೆಸಿ, ಟ್ಯಾಂಕಿನ ನೆತ್ತಿ ಮೇಲೆ ಎರಡು ಕಡೆ, ಪಕ್ಕಕ್ಕೆ ಎರಡು, ಕೆಳಗೆ ಎರಡು ಪೇಪರ್ ತುಂಡು ಇಟ್ಟು ಹ್ಯಾಚ್ ಮುಚ್ಚಿ. ಬೆಳಿಗ್ಗೆ ನೋಡಿ. ಎಲ್ಲಾ ತುಂಡೂ ಒಂದೇ ಥರ ಮೆತ್ತಗಾಗಿದ್ರೆ ಅದು ಬೆವರು. ಒಂದೇ ಒಂದು ತುಂಡು ನೆಂದು ಉಳಿದಿದ್ದು ಗರಿಗರಿ ಇದ್ರೆ ಅದರ ಮೇಲುಗಡೆ ಸೋರ್ತಾ ಇದೆ.

ಸೋರಿಕೆ ಅಂತಾದ್ರೆ ಪೈಪ್ ಹಿಡಿದು ನೀರು ಬಿಡಿ, ಇಲ್ಲೂ ಕ್ರಮ ಇದೆ: ಕೆಳಗಿಂದ ಮೇಲಕ್ಕೆ. ಮೊದಲು ಫ್ಲೋರ್ ಮೇಲೆ ಹತ್ತು ನಿಮಿಷ, ಒಬ್ರು ಟಾರ್ಚ್ ಹಿಡಿದು ನೋಡ್ತಾ ಇರ್ಲಿ (ಟಾರ್ಚು ಹೊರಗೇ ಆನ್ ಮಾಡಿ ತರಬೇಕು). ಆಮೇಲೆ ಹ್ಯಾಚ್ ಅಂಚು, ಆಮೇಲೆ ಡೀಸೆಲ್ ಹಾಕೋ ಮುಚ್ಚಳ, ಆಮೇಲೆ ಪಕ್ಕದಲ್ಲಿರೋ ಗಾಳಿ ಕಿಂಡಿ. ಒಂದೊಂದಕ್ಕೂ ಹತ್ತು ನಿಮಿಷ. ಮೇಲಿಂದ ಶುರು ಮಾಡಿದ್ರೆ ನೀರು ಎಲ್ಲಾ ಸಂದಿಗೂ ಹರಿದು ಯಾವುದು ಕಳ್ಳ ಅಂತಾನೇ ಗೊತ್ತಾಗಲ್ಲ.

ನನ್ನದೇ ಬೋಟಲ್ಲಿ ನಾನು ಮುಚ್ಚಳದ ಓರಿಂಗ್ (ಸೋರದಂಗೆ ಹಾಕೋ ರಬ್ಬರ್ ಬಳೆ) ಎರಡು ಸಲ ಬದಲಾಯಿಸಿದ್ದೆ, ಕಳ್ಳ ಸಿಕ್ಕಿದ್ದು ಡ್ರೈವರ್ ಕುರ್ಚಿಯ ಬುಡದಲ್ಲಿ. ಕುರ್ಚಿ ಕಂಬದ ನಾಲ್ಕು ಸ್ಕ್ರೂಗಳಲ್ಲಿ ಎರಡು ಫ್ಲೋರಿನ ಪ್ಲೈವುಡ್ ದಾಟಿ ನೇರ ಫೋಮಿಗೆ ಇಳಿದಿದ್ವು, ಕುರ್ಚಿ ಅಲುಗಾಡಿದಾಗೆಲ್ಲ ತೂತು ದೊಡ್ಡದಾಗಿ, ಮಳೆ ನೀರು ಸ್ಕ್ರೂ ಎಳೆ ಹಿಡ್ಕೊಂಡು ಸುತ್ಕೊಂಡು ಸುತ್ಕೊಂಡು ಇಳೀತಿತ್ತು. ಎರಡು ಮಳೆಗಾಲ ಹಂಗೇ ನಡೆದಿದೆ. ಫ್ಲೋರ್ ಮೇಲೆ ಯಾವುದೇ ಸ್ಕ್ರೂ ಇದ್ರೂ ಅನುಮಾನಿಸಿ ಅಂತ ಅವತ್ತಿಂದ ನಂಗೆ ಬುದ್ಧಿ ಬಂತು.

3. ದಾರಿ ಮುಚ್ಚೋದು

ಮುಚ್ಚಳದ ಓರಿಂಗು ಉಗುರಲ್ಲಿ ಒತ್ತಿದ್ರೆ ಗುಳಿ ಬಿದ್ದು ವಾಪಸ್ ಏಳ್ಬೇಕು. ಗಟ್ಟಿಯಾಗಿ, ಚಪ್ಪಟೆಯಾಗಿ, ಸಣ್ಣ ಬಿರುಕು ಇದ್ರೆ ಬಿಸಾಕಿ. ಹೊಸದು ಪೆಟ್ರೋಲ್ ಡೀಸೆಲ್ ತಡೆಯೋ ರಬ್ಬರೇ ಆಗ್ಬೇಕು, ನಲ್ಲಿ ರಿಪೇರಿಯ ವಾಷರ್ ಹಾಕಿದ್ರೆ ಒಂದು ತಿಂಗಳಲ್ಲಿ ಊದ್ಕೊಳ್ಳತ್ತೆ. ಮುಚ್ಚಳ ಕೂರೋ ಪ್ಲೇಟನ್ನೂ ಬಿಚ್ಚಿ, ಹಳೇ ಅಂಟು ಕೆರೆದು ತೆಗೆದು, ಇಂಧನ ತಡೆಯೋ ಸೀಲೆಂಟ್ ಹಾಕಿ ಮತ್ತೆ ಕೂರಿಸಿ. ಬಾತ್ರೂಮಿಗೆ ಹಾಕೋ ಸಿಲಿಕೋನ್ ಇಲ್ಲಿ ಬೇಡವೇ ಬೇಡ, ಪೆಟ್ರೋಲ್ ತಾಗಿದ್ರೆ ಮೆತ್ತಗಾಗಿ ಕಿತ್ತು ಬರತ್ತೆ, ಆ ಚೂರು ಹೋಗಿ ಫಿಲ್ಟರಲ್ಲಿ ಕೂರತ್ತೆ. ಪಾಲಿಸಲ್ಫೈಡ್ ಸೀಲೆಂಟ್ ಅಂತ ಕೇಳಿ ತಗೊಳ್ಳಿ.

ಗಾಳಿ ಕಿಂಡಿ ಕಡೆ ಯಾರೂ ನೋಡಲ್ಲ. ನಮ್ಮ ಕಡೆ ಮಣ್ಣಿನ ಗೂಡು ಕಟ್ಟೋ ಕಣಜ ಇದೆಯಲ್ಲ, ಅದಕ್ಕೆ ಈ ತೂತು ಅಂದ್ರೆ ರೆಡಿ ಸೈಟು. ಕಿಂಡಿ ಮುಚ್ಚಿತು ಅಂದ್ರೆ ರಾತ್ರಿ ತಣ್ಣಗಾದಾಗ ಟ್ಯಾಂಕು ಗಾಳಿ ಎಳೆಯೋಕಾಗದೆ ಮುಚ್ಚಳದ ಸಂದಿಯಿಂದ ಎಳೆಯತ್ತೆ, ಮುಚ್ಚಳದ ಸುತ್ತ ಮಳೆ ನೀರು ನಿಂತಿದ್ರೆ ಅದನ್ನೂ ಜೊತೆಗೇ ಕುಡಿಯತ್ತೆ. ತೆಳು ವೈರಲ್ಲಿ ಗೂಡು ಬಿಡಿಸಿ, ಸಣ್ಣ ಜಾಲರಿ ಹಾಕಿ. ಕಿಂಡಿಗೆ ಹೋಗೋ ಪೈಪು ಟ್ಯಾಂಕಿಂದ ಮೇಲೆ ಎದ್ದು, ಒಂದು ಬಳಸು ತಗೊಂಡು ಆಮೇಲೆ ಕಿಂಡಿಗೆ ಇಳೀಬೇಕು, ನಡುವೆ ಜೋತು ಬಿದ್ರೆ ಅಲ್ಲಿ ನೀರು ನಿಂತು ಬೂಚು ಹಾಕಿದಂಗೆ ಆಗತ್ತೆ.

ಫ್ಲೋರ್ ಸ್ಕ್ರೂಗಳಿಗೆ ಬರೀ ಸೀಲೆಂಟ್ ಮೆತ್ತಿ ಬಿಡಬೇಡಿ. ಸ್ಕ್ರೂ ತೆಗೆದು, ತೂತನ್ನ ಸ್ವಲ್ಪ ದೊಡ್ಡದು ಮಾಡಿ, ಮರ ಒಣಗೋಕೆ ಬಿಟ್ಟು, ಎಪಾಕ್ಸಿ ತುಂಬಿ ಗಟ್ಟಿಯಾದ ಮೇಲೆ ಅದರಲ್ಲಿ ಹೊಸ ತೂತು ಕೊರೆದು ಸ್ಕ್ರೂ ಹಾಕಿ. ಹೀಗೆ ಮಾಡಿದ್ರೆ ನೀರು ಇಳಿದ್ರೂ ಪ್ಲೈವುಡ್ಡಿಗೆ ತಾಗಲ್ಲ. ಆದ್ರೆ ಕೊರೆಯೋ ಕೆಲಸ ಈಗಲ್ಲ, ಡ್ರಿಲ್ ಮೋಟರಲ್ಲಿ ಕಿಡಿ ಹಾರತ್ತೆ, ಐದನೇ ಹಂತದಲ್ಲಿ ಟ್ಯಾಂಕ್ ಖಾಲಿಯಾಗಿ ಬೋಟಿಂದ ಹೊರಗೆ ಹೋದ ಮೇಲೆ. ಈಗ ಬರೀ ಚಾಕ್ ಪೀಸಲ್ಲಿ ಗುರುತು ಹಾಕಿ ಇಟ್ಕೊಳ್ಳಿ.

ಎಂಜಿನ್ ಪಕ್ಕ ಇಟ್ಟು ಓಡಿಸೋ ಕೆಂಪು ಪೋರ್ಟಬಲ್ ಟ್ಯಾಂಕ್ ಇರೋವ್ರಿಗೆ ಇಷ್ಟೆಲ್ಲ ಇಲ್ಲ. ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ಓಡಿಸಿದ ಮೇಲೆ ಮುಚ್ಚೋದು ಮರೆತಿರ್ತೀರಿ, ಮಳೆ ಅಲ್ಲಿಂದ ಇಳಿದಿರತ್ತೆ. ಟ್ಯಾಂಕನ್ನ ಮನೆಗೆ ಅಲ್ಲ, ಗಾಳಿ ಆಡೋ ಶೆಡ್ಡಿಗೆ ತಂದಿಡಿ, ಮುಗೀತು.

4. ಇಂಧನ ಇಳಿಸೋದು

ಕೈಪಂಪಲ್ಲೇ ಎಳೀರಿ. ಬಾಯಲ್ಲಿ ಎಳೆಯೋ ಅಭ್ಯಾಸ ಎಸ್ಟೇಟ್ ಡ್ರೈವರ್‌ಗಳಿಗೆಲ್ಲ ಇದೆ, ಡೀಸೆಲ್ ಶ್ವಾಸಕೋಶಕ್ಕೆ ಹೋದ್ರೆ ಆಸ್ಪತ್ರೆ ಗ್ಯಾರಂಟಿ. ಪೆಟ್ರೋಲ್ ಆದ್ರೆ ಕ್ಯಾನನ್ನ ನೆಲದ ಮೇಲೇ ಇಟ್ಟು ತುಂಬಿ, ಬೋಟ್ ಒಳಗೆ ಅಥವಾ ಜೀಪಿನ ಪ್ಲಾಸ್ಟಿಕ್ ಮ್ಯಾಟ್ ಮೇಲೆ ಇಟ್ಟು ತುಂಬಿದ್ರೆ ಸ್ಟ್ಯಾಟಿಕ್ ಕಿಡಿ ಹಾರೋ ಅಪಾಯ.

ಕೊನೆಯ ಒಂದೆರಡು ಲೀಟರನ್ನ ಗಾಜಿನ ಜಾಡಿಗೆ ಹಿಡಿದು, ಮುಚ್ಚಿ, ನೆರಳಲ್ಲಿ ಒಂದು ದಿನ ಇಡಿ. ಇದೇ ನಿಮ್ಮ ರಿಪೋರ್ಟು. ಡೀಸೆಲಲ್ಲಿ ಕೆಳಗೆ ನೀರಿನ ಪದರ, ಮೇಲೆ ಡೀಸೆಲ್, ಎರಡರ ನಡುವೆ ಕಂದು ಅಥವಾ ಕಪ್ಪು ಲೋಳೆ ತೇಲ್ತಿದ್ರೆ ಅದು ಸೂಕ್ಷ್ಮಜೀವಿಗಳ ಬೆಳೆ, ನೀರು ಡೀಸೆಲ್ ಸೇರೋ ಗೆರೆಯಲ್ಲೇ ಅವು ಬದುಕೋದು, ನೀರಿಲ್ಲ ಅಂದ್ರೆ ಅವು ಬೆಳೆಯಲ್ಲ. ಡೀಸೆಲ್ ಪೂರ್ತಿ ಮಜ್ಜಿಗೆ ಥರ ಮಬ್ಬಾಗಿದ್ರೆ ನೀರು ಸಣ್ಣ ಹನಿಯಾಗಿ ಬೆರೆತಿದೆ ಅಂತ.

ಪೆಟ್ರೋಲ್ ಕಥೆ ಸ್ವಲ್ಪ ಕೆಟ್ಟದು. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ 20 ಪರ್ಸೆಂಟ್ ತನಕ ಎಥೆನಾಲ್ ಇರತ್ತೆ. ಎಥೆನಾಲ್ ಸ್ವಲ್ಪ ನೀರನ್ನ ಕುಡಿದು ಸುಮ್ಮನಿರತ್ತೆ, ಎಂಜಿನ್ನಿಗೂ ಗೊತ್ತಾಗಲ್ಲ. ತಡ್ಕೊಳ್ಳೋಕಾಗದಷ್ಟು ನೀರು ಸೇರಿದ ದಿನ ಎಥೆನಾಲು ನೀರು ಎರಡೂ ಕೈ ಹಿಡ್ಕೊಂಡು ಕೆಳಗೆ ಕೂತ್ಬಿಡತ್ತೆ, ಮೇಲೆ ಉಳಿಯೋದು ಆಕ್ಟೇನ್ ಕಮ್ಮಿಯಾದ ಪೆಟ್ರೋಲು. ಜಾಡಿಯಲ್ಲಿ ಎರಡು ಪದರ ಕಂಡ್ರೆ ಅಲುಗಾಡಿಸಿ ಮತ್ತೆ ಬಳಸೋದು, ಹೊಸ ಪೆಟ್ರೋಲ್ ಸೇರಿಸಿ "ಸರಿ ಮಾಡೋದು" ಯಾವುದೂ ಬೇಡ, ಪೂರ್ತಿ ತೆಗೀರಿ.

ತೆಗೆದ ಕೊಳಕನ್ನ ತೋಡಿಗೆ ಚೆಲ್ಲೋ ಹಂಗಿಲ್ಲ. ನಮ್ಮ ಕಡೆ ಯಾವ ತೋಡಿನ ನೀರೂ ಕೊನೆಗೆ ಯಾರದ್ದೋ ಕುಡಿಯೋ ನೀರೇ. ಡೀಸೆಲಲ್ಲಿ ತಿಳಿಯಾಗಿ ಮೇಲೆ ನಿಂತಿದ್ದನ್ನ ನೆಟ್ಟು ಬೋಲ್ಟು ತೊಳೆಯೋಕೆ ಇಟ್ಕೊಳ್ಳಬಹುದು, ಉಳಿದಿದ್ದು ಹಳೇ ಆಯಿಲ್ ತಗೊಳ್ಳೋ ಲೈಸೆನ್ಸ್ ಇರೋವ್ರಿಗೆ.

5. ಫೋಮು ಕೀಳೋದು, ಒಣಗಿಸೋದು

ಬೇಜಾರಿನ ಕೆಲಸ ಇದು, ಆದ್ರೆ ಇದನ್ನ ಬಿಟ್ರೆ ಮೊದಲು ಮಾಡಿದ್ದೆಲ್ಲ ವೇಸ್ಟು.

ಹಳೇ ಬೋಟುಗಳಲ್ಲಿ ಟ್ಯಾಂಕ್ ಅಲುಗಾಡದಿರಲಿ, ಬೋಟು ತೇಲಲಿ ಅಂತ ಸುತ್ತಲೂ ಫೋಮ್ ಸುರಿದಿರ್ತಾರೆ. ಹೊಸದರಲ್ಲಿ ಅದು ನೀರು ಕುಡಿಯಲ್ಲ, ಹದಿನೈದಿಪ್ಪತ್ತು ವರ್ಷ ಆದ್ಮೇಲೆ ಕುಡಿಯತ್ತೆ. ಕುಡಿದಿದ್ದನ್ನ ಬಿಡಲ್ಲ. ಒದ್ದೆ ಫೋಮು ಅಲ್ಯೂಮಿನಿಯಮ್ಮಿಗೆ ಅಂಟಿ ಕೂತ್ರೆ ಅಲ್ಲಿಗೆ ಗಾಳಿ ಹೋಗಲ್ಲ, ಗಾಳಿ ಇಲ್ಲದ ಒದ್ದೆ ಜಾಗದಲ್ಲೇ ಅಲ್ಯೂಮಿನಿಯಂ ಗುಳಿ ಗುಳಿಯಾಗಿ ತಿಂದು ಹೋಗೋದು. ಮೇಲಿಂದ ನೋಡಿದ್ರೆ ಟ್ಯಾಂಕ್ ಫಳಫಳ ಅಂತಿರತ್ತೆ, ಫೋಮ್ ಅಂಟಿದ ಕಡೆ ಜರಡಿ.

ಮೇಲುಗಡೆ ಒಣಗಿದಂಗೆ ಕಾಣತ್ತೆ ಅಂತ ಮೋಸ ಹೋಗ್ಬೇಡಿ. ಕಣದಲ್ಲಿ ಕಾಫಿ ಹರಡಿದೋರಿಗೆ ಇದನ್ನ ಹೇಳ್ಕೊಡ್ಬೇಕಾಗಿಲ್ಲ, ಸಿಪ್ಪೆ ಗಲಗಲ ಅಂದ್ರೂ ಬೀಜ ಹಲ್ಲಲ್ಲಿ ಕಚ್ಚಿದಾಗ ಮೆತ್ತಗಿದ್ರೆ ಚೀಲಕ್ಕೆ ತುಂಬಲ್ಲ ಅಲ್ವಾ, ಹಾಗೇ. ಉದ್ದ ಚಾಕುವಲ್ಲಿ ಫೋಮಿನ ತಳದ ತನಕ ಒಂದು ಆಪು ಕೊಯ್ದು ತೆಗೆದು ಹಿಂಡಿ ನೋಡಿ. ನೀರು ಬಂದ್ರೆ ಆ ಕಡೆಯದ್ದು ಪೂರ್ತಿ ತೆಗೀಬೇಕು. ತೆಗೆಯುವಾಗ ಟ್ಯಾಂಕಿಗೆ ಕಬ್ಬಿಣದ ಸನಿಕೆ ಒತ್ತಿ ಮೀಟಬೇಡಿ, ಮೊದಲೇ ಸವೆದ ತಗಡು ಅಲ್ಲೇ ತೂತಾಗತ್ತೆ, ಮರದ ಪಟ್ಟಿ ಬಳಸಿ. ಸುತ್ತ ಬಿಡಿಸಿದ ಮೇಲೆ ಪೈಪು, ವೈರು, ಗೇಜು ಎಲ್ಲದಕ್ಕೂ ಟೇಪ್ ಅಂಟಿಸಿ ನಂಬರ್ ಬರೆದು ಬಿಚ್ಚಿ, ಟ್ಯಾಂಕನ್ನ ಇಬ್ಬರು ಹಿಡಿದು ಹೊರಗೆ ಎತ್ತಿ. ಖಾಲಿ ಟ್ಯಾಂಕು ಅಂತ ಹಗುರ ಮಾಡ್ಕೋಬೇಡಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಸಿಡಿಯೋದು.

ಬೋಟು ಮಂಗಳೂರು ಮಲ್ಪೆ ಕಡೆಯಿಂದ ಬಂದಿದ್ರೆ ಒಂದು ಹೆಚ್ಚಿನ ಕೆಲಸ ಇದೆ: ಟ್ಯಾಂಕ್ ಕೂರೋ ಗುಂಡಿಯನ್ನ ಸಿಹಿನೀರಲ್ಲಿ ಮೂರು ನಾಲ್ಕು ಸಲ ತೊಳೀರಿ. ಸಮುದ್ರದ ಉಪ್ಪು ಮೂಲೆಯಲ್ಲಿ ಕೂತಿರತ್ತೆ, ಉಪ್ಪು ಗಾಳಿಯ ತೇವ ಎಳ್ಕೊಂಡು ಒದ್ದೆಯಾಗ್ತಾನೇ ಇರತ್ತೆ, ಮಳೆಗಾಲದಲ್ಲಿ ಅಡುಗೆಮನೆ ಉಪ್ಪಿನ ಡಬ್ಬಿ ನೋಡಿದೀರಲ್ಲ. ಎಷ್ಟು ಒಣಗಿಸಿದ್ರೂ ಮತ್ತೆ ತೇವ ಯಾಕೆ ಅಂತ ತಲೆ ಕೆರ್ಕೊಳ್ಳೋವ್ರಲ್ಲಿ ಅರ್ಧ ಜನ ಇದನ್ನೇ ಬಿಟ್ಟಿರ್ತಾರೆ.

ಆಮೇಲೆ ಮೂತಿ ಮೇಲೆ, ಹಿಂಭಾಗ ಕೆಳಗೆ ಬರೋ ಹಂಗೆ ಬೋಟು ವಾಲಿಸಿ, ತಳದ ಬೂಚು ತೆಗೆದು, ಬಿಸಿಲಿಗೆ ಬಿಡಿ. ಕಾಫಿ ಕಣ ಖಾಲಿ ಇದ್ರೆ ಅಲ್ಲೇ ನಿಲ್ಸಿ, ಕೆಳಗಿಂದಲೂ ಬಿಸಿ ಬರತ್ತೆ. ಸಂಜೆ ನಾಲ್ಕಕ್ಕೇ ಮುಚ್ಚಿಬಿಡಿ, ಮಂಜು ಇಳಿಯೋ ತನಕ ತೆರೆದಿಟ್ರೆ ಹಗಲು ಒಣಗಿಸಿದ್ದು ರಾತ್ರಿ ವಾಪಸ್. ಟ್ಯಾಂಕು ಹೊರಗೆ ಹೋಗಿ, ಪೆಟ್ರೋಲ್ ವಾಸನೆ ಪೂರ್ತಿ ಆರಿದ ಮೇಲೆ ಟೇಬಲ್ ಫ್ಯಾನ್ ಹಾಕಬಹುದು, ಫ್ಯಾನು ಹೊರಗಿದ್ದು ಒಳಗೆ ಗಾಳಿ ಊದ್ಬೇಕು, ಒಳಗಿಟ್ಟು ಹೊರಗೆ ಅಲ್ಲ. ಕುರ್ಚಿಯ ಸ್ಕ್ರೂ ತೂತು ಕೊರೆಯೋದು ಎಪಾಕ್ಸಿ ತುಂಬೋದು ಈ ದಿನಗಳಲ್ಲೇ.

ಒಳ್ಳೇ ಬಿಸಿಲಿದ್ರೆ ಐದಾರು ದಿನ. ಮುಗೀತಾ ಅಂತ ತಿಳಿಯೋಕೆ ಒಂದು ಅಡಿ ಅಗಲದ ಪ್ಲಾಸ್ಟಿಕ್ ಶೀಟನ್ನ ಗುಂಡಿಯ ತಳಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಡಿ. ಶೀಟಿನ ಒಳಬದಿಗೆ ಹನಿ ಕಟ್ಟಿದ್ರೆ ಫೈಬರಿನ ಕೆಳಗೆ ಇನ್ನೂ ನೀರಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ, ಟಣ್ ಅಂದ್ರೆ ಒಳ್ಳೇದು, ದಬ್ ಅಂದ್ರೆ ಒಳಗಿನ ಮರ ಕೊಳೆತಿದೆ. ದೊಡ್ಡ ಜಾಗ ಹಂಗೆ ಸದ್ದು ಮಾಡಿದ್ರೆ ಟ್ಯಾಂಕ್ ವಾಪಸ್ ಕೂರಿಸ್ಬೇಡಿ, ಅದು ಫೈಬರ್ ಕೆಲಸದವರ ಕೇಸು.

6. ಟ್ಯಾಂಕಿನ ಮೈ

ಅಲ್ಯೂಮಿನಿಯಂ ಆದ್ರೆ ಬಿಳಿ ಪುಡಿ ಹುಡುಕಿ. ಪ್ಲಾಸ್ಟಿಕ್ ಪಟ್ಟಿಯಲ್ಲಿ ಪುಡಿ ಕೆರೆದು ಕೆಳಗಿನ ಗುಳಿ ನೋಡಿ, ದಬ್ಬಳದ ತುದಿ ಇಟ್ಟು ಮೆಲ್ಲಗೆ ಒತ್ತಿ. ತುದಿ ಸಿಕ್ಕಿಹಾಕ್ಕೊಳ್ಳೋ ಗುಳಿ ನಾಲ್ಕಾರು ಒಂದೇ ಕಡೆ ಇದ್ರೆ ನನ್ನ ಪ್ರಕಾರ ಟ್ಯಾಂಕ್ ಬದಲಾಯಿಸೋದೇ, ಒಂದು ಮುಚ್ಚಿದ್ರೆ ಪಕ್ಕದ್ದು ಬಾಯಿ ಬಿಡತ್ತೆ. ಹಿತ್ತಾಳೆ ಫಿಟಿಂಗು ನೇರ ಅಲ್ಯೂಮಿನಿಯಮ್ಮಿಗೆ ತಿರುಗಿಸಿರೋ ಜಾಗ ಮೊದಲು ನೋಡಿ, ಎರಡು ಲೋಹ ಒದ್ದೆಯಲ್ಲಿ ಸೇರಿದ್ರೆ ಅಲ್ಯೂಮಿನಿಯಮ್ಮೇ ಕರಗೋದು, ನಡುವೆ ಸ್ಟೇನ್‌ಲೆಸ್ ಫಿಟಿಂಗ್ ಹಾಕ್ಬೇಕು. ಮೈಲ್ಡ್ ಸ್ಟೀಲ್ ಆದ್ರೆ ನೆತ್ತಿಯ ಅಂಚು, ತಳದ ಮೂಲೆ. ಸ್ಟೇನ್‌ಲೆಸ್ ಅಂತ ನಿಶ್ಚಿಂತೆ ಬೇಡ, ಟ್ಯಾಂಕ್ ಬಿಗಿಯೋ ಬೆಲ್ಟ್ ಕೆಳಗೆ ಗಾಳಿ ಇಲ್ಲದ ಕಡೆ, ವೆಲ್ಡಿಂಗ್ ಗೆರೆ ಪಕ್ಕ ಅದೂ ತಿಂದು ಹೋಗತ್ತೆ. ಪ್ಲಾಸ್ಟಿಕ್ ಟ್ಯಾಂಕಿಗೆ ತುಕ್ಕಿಲ್ಲ, ಫಿಟಿಂಗ್ ಸುತ್ತ ಬಿರುಕು ನೋಡಿದ್ರೆ ಸಾಕು.

ಕಣ್ಣಿಗೆ ಪಾಸಾದ್ರೆ ಗಾಳಿ ಪರೀಕ್ಷೆ. ಎಲ್ಲಾ ಬಾಯಿ ಮುಚ್ಚಿ, ಒಂದರಿಂದ ಸೈಕಲ್ ಪಂಪಲ್ಲಿ ಮೆಲ್ಲಗೆ ಊದಿ, ಪ್ರೆಶರ್ ಗೇಜು 3 ಪಿಎಸ್‌ಐ (ಟಯರ್ ಗಾಳಿ ಅಳೆಯೋ ಅದೇ ಅಳತೆ) ದಾಟಲೇಬಾರದು, ನಾನು 2ಕ್ಕೇ ನಿಲ್ಲಿಸ್ತೀನಿ. ಪಂಕ್ಚರ್ ಅಂಗಡಿ ಕಂಪ್ರೆಸರ್ ತಂದು ಹಿಡಿದ್ರೆ ಟ್ಯಾಂಕು ಬೆಲೂನಿನಂಗೆ ಊದಿ ವೆಲ್ಡಿಂಗ್ ಬಿಚ್ಕೊಳ್ಳತ್ತೆ. ಸೋಪಿನ ನೀರು ಸವರಿ, ಗುಳ್ಳೆ ಎಲ್ಲಿ ಅಂತ ನೋಡಿ, ಫ್ಯೂಯಲ್ ಗೇಜಿನ ಗ್ಯಾಸ್ಕೆಟ್ ಸುತ್ತ ಜಾಸ್ತಿ ಹೊತ್ತು. ಗುಳ್ಳೆ ಇಲ್ಲದಿದ್ರೂ ಒಂದು ಗಂಟೆ ಬಿಟ್ಟು ಮುಳ್ಳು ಇಳಿದಿದೆಯಾ ನೋಡಿ, ಆ ಒಂದು ಗಂಟೆ ಟ್ಯಾಂಕು ನೆರಳಲ್ಲೇ ಇರ್ಲಿ, ಬಿಸಿಲು ಬಿದ್ರೆ ಮುಳ್ಳು ತಾನೇ ಏರತ್ತೆ.

ತೂತು ಸಿಕ್ಕಿದ್ರೆ ಎಂ-ಸೀಲ್ ಥರದ ಪುಟ್ಟಿ ಮೆತ್ತಿ ಫ್ಲೋರ್ ಕೆಳಗೆ ಹುದುಗಿಸೋದು ಬೇಡ. ವೆಲ್ಡಿಂಗ್ ಅಂಗಡಿಗೆ ನೇರ ತಗೊಂಡೂ ಹೋಗ್ಬೇಡಿ. ಗೇಟು ಗ್ರಿಲ್ಲು ಮಾಡೋವ್ರು "ನೀರು ತುಂಬಿ ವೆಲ್ಡ್ ಮಾಡ್ಕೊಡ್ತೀನಿ" ಅಂತಾರೆ, ಒಪ್ಬೇಡಿ, ಟ್ಯಾಂಕ್ ತೊಳೆದು ಆವಿ ತೆಗೆದು ಕೆಲಸ ಮಾಡಿ ಅಭ್ಯಾಸ ಇರೋವ್ರ ಹತ್ರ ಮಾತ್ರ.

7. ಒಳಗೆ ತೊಳೆಯೋದು

ಈಗ ಬಂತು ನೀವು ಮೊದಲೇ ಮಾಡೋಕೆ ಹೊರಟಿದ್ದ ಕೆಲಸ. ಫ್ಯೂಯಲ್ ಗೇಜಿನ ಬಾಯಿಂದ ಬೆಳಕು ಬಿಟ್ಟು ತಳ ನೋಡಿ, ಲೋಳೆ ಇದ್ರೆ ಶುದ್ಧ ಡೀಸೆಲ್ ಎರಡು ಲೀಟರ್ ಹಾಕಿ ಅಲುಗಾಡಿಸಿ ಹೊರಗೆ ಸುರೀರಿ, ತಿಳಿ ಬರೋ ತನಕ. ಪೆಟ್ರೋಲ್ ಟ್ಯಾಂಕಾದ್ರೆ ಇದನ್ನೂ ತೊಳೆದು ಅಭ್ಯಾಸ ಇರೋವ್ರಿಗೇ ಕೊಡಿ. ಸೋಪು ನೀರು ಹಾಕಿದ್ರೆ ಮತ್ತೆ ಒಣಗಿಸೋ ಕಷ್ಟ ನಿಮಗೇ. ಲೋಳೆ ಜಾಸ್ತಿ ಇದ್ದ ಡೀಸೆಲ್ ಟ್ಯಾಂಕಿಗೆ ಬಯೋಸೈಡ್ (ಸೂಕ್ಷ್ಮಜೀವಿ ಕೊಲ್ಲೋ ಔಷಧಿ) ಹಾಕ್ಬೇಕು, ತೊಳೆದ ಮೇಲೆ, ಡಬ್ಬಿ ಮೇಲಿನ ಅಳತೆಯಷ್ಟೇ. ತೊಳೆಯದೇ ಹಾಕಿದ್ರೆ ಸತ್ತ ಲೋಳೆಯೆಲ್ಲ ಕಿತ್ತು ಬಂದು ಒಂದೇ ದಿನದಲ್ಲಿ ಫಿಲ್ಟರ್ ಕಟ್ಟತ್ತೆ.

ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ನೀರು ಬೇರ್ಪಡಿಸೋ ಫಿಲ್ಟರ್ ಇಲ್ಲದಿದ್ರೆ ಈಗ ಹಾಕಿಸಿ, 10 ಮೈಕ್ರಾನ್ ಸಾಕು, ಕೆಳಗೆ ನೀರು ಬಿಡೋ ತಿರುಪು ಇರ್ಬೇಕು, ಕೈ ಸುಲಭವಾಗಿ ಹೋಗೋ ಜಾಗದಲ್ಲಿ ಇರ್ಬೇಕು. ಕೈ ಹೋಗಲ್ಲ ಅಂದ್ರೆ ನೀವು ನೋಡಲ್ಲ, ಅದು ನಂಗೆ ಗೊತ್ತು.

8. ವಾಪಸ್ ಕೂರಿಸೋದು

ಟ್ಯಾಂಕನ್ನ ನೇರ ಫೈಬರ್ ಮೇಲಾಗಲಿ ಮರದ ಮೇಲಾಗಲಿ ಇಡಬೇಡಿ. ಹಳೇ ಕಾರ್ಪೆಟ್ಟು, ಗೋಣಿ, ಥರ್ಮಾಕೋಲು ಹಾಕೋವ್ರಿದಾರೆ, ಮೂರೂ ನೀರು ಹಿಡಿದಿಟ್ಕೊಳ್ಳೋವೇ. ನೀರು ಕುಡಿಯದ ಗಟ್ಟಿ ನಿಯೋಪ್ರಿನ್ ರಬ್ಬರ್ ಪಟ್ಟಿ ತಗೊಂಡು ಟ್ಯಾಂಕಿನ ತಳಕ್ಕೆ ಪೂರ್ತಿ ಅಂಟು ಹಾಕಿ ಕೂರಿಸಿ, ಪಟ್ಟಿಗೂ ತಗಡಿಗೂ ನಡುವೆ ನೀರು ನುಸುಳೋ ಸಂದು ಇರಬಾರದು. ಪಟ್ಟಿಗಳು ಬೋಟಿನ ಉದ್ದಕ್ಕೆ ಇದ್ರೆ ನೀರು ಹಿಂದಕ್ಕೆ ಹರಿದು ಹೋಗತ್ತೆ, ಅಡ್ಡಕ್ಕೆ ಹಾಕಿದ್ರೆ ಪ್ರತೀ ಪಟ್ಟಿ ಹಿಂದೆ ಒಂದೊಂದು ಗದ್ದೆ. ಟ್ಯಾಂಕಿನ ಕೆಳಗೆ ಕಮ್ಮಿ ಅಂದ್ರೂ 6 ಮಿಲಿಮೀಟರ್, ಸುತ್ತ ಒಂದು ಬೆರಳು ಖಾಲಿ. ಪ್ಲಾಸ್ಟಿಕ್ ಟ್ಯಾಂಕಿಗೆ ಇನ್ನೂ ಸ್ವಲ್ಪ ಜಾಸ್ತಿ ಬಿಡಿ, ಪೆಟ್ರೋಲ್ ಕುಡಿದು ಅದು ಊದ್ಕೊಳ್ಳತ್ತೆ. ಅಲುಗಾಡದಂಗೆ ಬೆಲ್ಟು ಅಥವಾ ಬ್ರಾಕೆಟ್ಟು, ಅದರ ಕೆಳಗೂ ರಬ್ಬರ್. ಮತ್ತೆ ಫೋಮ್ ಸುರೀಬೇಡಿ. ಬೋಟು ಮುಳುಗದಿರೋಕೆ ಫೋಮ್ ಬೇಕೇ ಬೇಕು, ಆದ್ರೆ ಅದನ್ನ ಸೀಟಿನ ಕೆಳಗೆ, ಪಕ್ಕದ ಖಾನೆಗಳಲ್ಲಿ ತೆಗೆದಷ್ಟೇ ಅಳತೆಗೆ ಹಾಕಿಸಿ, ಟ್ಯಾಂಕಿಂದ ದೂರ.

ಪೈಪು ಎಲ್ಲಾ ಹೊಸದೇ ಹಾಕಿ, ಮೇಲೆ ಐಎಸ್ಒ 7840 (ಬೋಟಿನ ಇಂಧನ ಪೈಪಿನ ಸ್ಟ್ಯಾಂಡರ್ಡು) ಅಂತ ಅಚ್ಚಾಗಿರ್ಬೇಕು. ತೋಟಕ್ಕೆ ಔಷಧಿ ಹೊಡೆಯೋ ಪೈಪು ಹಾಕಿರೋದನ್ನ ನೋಡಿದೀನಿ, ಆರು ತಿಂಗಳಿಗೆ ಮರದಂಗೆ ಸೆಟೆದು ಬಿರಿದಿತ್ತು. ತುಂಬೋ ದೊಡ್ಡ ಪೈಪಿಗೆ ಎರಡೂ ತುದಿಯಲ್ಲಿ ಎರಡೆರಡು ಸ್ಟೇನ್‌ಲೆಸ್ ಕ್ಲಾಂಪು. ಮುಚ್ಚಳದ ಲೋಹದ ಪ್ಲೇಟಿಂದ ಟ್ಯಾಂಕಿಗೆ, ಅಲ್ಲಿಂದ ಅರ್ಥಿಂಗಿಗೆ ಹೋಗೋ ಹಸಿರು ವೈರ್ ಮರೆತು ಹ್ಯಾಚ್ ಮುಚ್ಚೋವ್ರೇ ಜಾಸ್ತಿ, ಇಂಧನ ತುಂಬುವಾಗ ಸ್ಟ್ಯಾಟಿಕ್ ಇಳಿದು ಹೋಗೋಕೆ ಅದೊಂದೇ ದಾರಿ.

ಮೊದಲು ಐದೇ ಲೀಟರ್ ಹಾಕಿ ಒಂದು ರಾತ್ರಿ ಬಿಡಿ, ಕೆಳಗೆ ಪೇಪರ್ ಇಟ್ಟು. ಆಮೇಲೆ ಕಾಲು, ಆಮೇಲೆ ಪೂರ್ತಿ, ಯಾಕಂದ್ರೆ ನೆತ್ತಿಯ ಸೋರಿಕೆ ಟ್ಯಾಂಕ್ ತುಂಬಿದಾಗ ಮಾತ್ರ ಕಾಣೋದು. ಪೆಟ್ರೋಲ್ ಇನ್‌ಬೋರ್ಡ್ (ಎಂಜಿನ್ ಬೋಟಿನ ಒಳಗೇ ಇರೋದು) ಆದ್ರೆ ಸ್ಟಾರ್ಟ್ ಮಾಡೋ ಮುಂಚೆ ಆವಿ ಹೊರಗೆ ತಳ್ಳೋ ಬ್ಲೋವರ್ ನಾಲ್ಕು ನಿಮಿಷ ಓಡ್ಲಿ, ಆಮೇಲೂ ಮೂಗು ಹಾಕಿ ನೋಡಿಯೇ ಕೀ ತಿರುಗಿಸಿ.

9. ಮುಂದಿನ ಮಳೆಗಾಲಕ್ಕೆ

ಟ್ಯಾಂಕ್ ತುಂಬಿಡೋದಾ ಖಾಲಿ ಇಡೋದಾ ಅಂತ ಜಗಳ ಇದೆ. ಡೀಸೆಲಾದ್ರೆ ನೂರಕ್ಕೆ ತೊಂಬತ್ತೈದು ತುಂಬಿಡಿ. ಪೆಟ್ರೋಲಾದ್ರೆ ಈಗಿನ ಎಥೆನಾಲ್ ಪೆಟ್ರೋಲನ್ನ ನಾಲ್ಕು ತಿಂಗಳು ಇಟ್ಟು ಕಾಯೋದಕ್ಕಿಂತ ಪೂರ್ತಿ ತೆಗೆದು ಜೀಪಿಗೋ ಬೈಕಿಗೋ ಹಾಕಿ ಓಡಿಸಿ ಮುಗಿಸೋದೇ ಸರಿ, ಮೇ ಕೊನೆಯೊಳಗೆ.

ನೀಲಿ ಟಾರ್ಪಲನ್ನ ಬೋಟಿಗೆ ಬಿಗಿಯಾಗಿ ಸುತ್ತಿ ಹಗ್ಗ ಬಿಗಿದ್ರೆ ಮಳೆ ನೀರೇನೋ ನಿಲ್ಲತ್ತೆ, ಒಳಗೆ ಮಾತ್ರ ಇಡ್ಲಿ ಪಾತ್ರೆ. ಬೋಟಿನ ನಡುವೆ ಉದ್ದಕ್ಕೆ ಒಂದು ಬಿದಿರಿನ ಗಳ ಎತ್ತರಕ್ಕೆ ಕಟ್ಟಿ, ಮನೆ ಮಾಡಿನಂಗೆ ಇಳಿಜಾರು ಮಾಡಿ, ಹಿಂದೆ ಮುಂದೆ ಎರಡೂ ಕಡೆ ಗಾಳಿ ಆಡೋಕೆ ಬಾಯಿ ಬಿಡಿ. ತಳದ ಬೂಚು ತೆಗೆದು ಎಂಜಿನ್ ಕೀ ಜೊತೆಗೇ ಕಟ್ಟಿಡಿ, ಇಲ್ಲಾಂದ್ರೆ ಅಕ್ಟೋಬರಲ್ಲಿ ಬೂಚಿಲ್ಲದೇ ನೀರಿಗಿಳಿಸ್ತೀರಿ. ನಗಬೇಡಿ, ಆಗಿದೆ.

ಡೀಸೆಲ್ ತುಂಬಿಸೋಕೆ ಹೋದಾಗ ಟ್ಯಾಂಕರ್ ಲಾರಿ ಬಂಕಲ್ಲಿ ಇಳಿಸ್ತಾ ಇದ್ರೆ ಅವತ್ತು ವಾಪಸ್ ಬನ್ನಿ, ಕೆಳಗಿನ ಕೆಸರು ನೀರೆಲ್ಲ ಕದಡಿರತ್ತೆ.

ಮತ್ತೆ ಓಡಿಸೋಕೆ ಶುರು ಮಾಡಿದ ಮೇಲೆ ಮೊದಲ ಹತ್ತು ಗಂಟೆ ಓಟಕ್ಕೆ ಫಿಲ್ಟರಿನ ತಿರುಪು ಬಿಚ್ಚಿ ಜಾಡಿಗೆ ಹಿಡೀರಿ. ಒಂದು ಚಮಚದೊಳಗೆ ನೀರು ಬಂದ್ರೆ ಪೈಪಲ್ಲಿ ಉಳಿದಿದ್ದು, ಬಿಡಿ. ಇನ್ನೂ ಹತ್ತು ಗಂಟೆ ಆದ್ಮೇಲೆ ಮತ್ತೆ ಹಿಡೀರಿ, ಅದಕ್ಕಿಂತ ಜಾಸ್ತಿ ಬಂದಿದ್ರೆ ಟ್ಯಾಂಕ್ ತೊಳೆಯೋಕೆ ಹೋಗ್ಬೇಡಿ, ನನಗೆ ಫೋನೂ ಮಾಡ್ಬೇಡಿ, ತೋಟದ ಪೈಪು ತಗೊಂಡು ಎರಡನೇ ಹಂತಕ್ಕೆ ವಾಪಸ್ ಹೋಗಿ, ಫ್ಲೋರಿಂದ ಶುರು ಮಾಡಿ.